ಮೈಕಿನ ಬೈಗುಳ

ದಾದರ್

ಜುಲೈ ಹತ್ತು, ಬೆಳಿಗ್ಗೆ ಎಂಟು ಗಂಟೆ. ಸ್ಥಳ ದಾದರ್ ಸ್ಟೇಷನ್, ಪಶ್ಚಿಮ ಲೈನಿನ ಪ್ಲಾಟ್‌ಫಾರ್ಮ್. ಹಾಜರಿದ್ದವರು ನಾನು, ನನ್ನ ಚಿಕ್ಕಮ್ಮನ ಮಗಳು ಸುಮತಿಯ ಮಗಳು ಪ್ರಜ್ಞಾ, ಮತ್ತು ಹಾಜರಿ ತೆಗೆದುಕೊಳ್ಳಲು ಸಾಧ್ಯವಿಲ್ಲದಷ್ಟು ಮುಂಬೈಯವರು.

ಕಾರ್ಕಳದ ಕಡೆಯ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು ನಾನು. ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು, ಗಂಟೆ ಬಾರಿಸಿದರೆ ದೀಪ ಆರಿಸುವುದು. ಈಗ ಗಂಟೆ ಬಾರಿಸುವವರಿಲ್ಲ, ಆದರೂ ದಿನ ಹಾಗೆಯೇ ನಡೆಯುತ್ತದೆ. ಮುಂಬೈಗೆ ಬಂದದ್ದು ಇದೇ ಮೊದಲು. ನನ್ನ ಮಟ್ಟಿಗೆ ಅದು ಪಾಸ್‌ಪೋರ್ಟ್ ಕೇಳದ ಪರದೇಶ. ಭಾಷೆ ಬೇರೆ, ಗಡಿಬಿಡಿ ಬೇರೆ, ಸಾಲು ನಿಲ್ಲುವ ರೀತಿಯಂತೂ ಇಲ್ಲವೇ ಇಲ್ಲ.

ಇಳಿಯುವವರು ಇಳಿದ ಮೇಲೆ ಹತ್ತಬೇಕು ಎಂದು ಮಕ್ಕಳಿಗೆ ಕಲಿಸಿದವಳು ನಾನು. ಹಾಗೆಯೇ ನಿಂತೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ರೈಲು ಹೊರಟಿತು, ನಾನು ಪ್ಲಾಟ್‌ಫಾರ್ಮಿನಲ್ಲಿಯೇ ಇದ್ದೆ. ಹತ್ತಿದ್ದ ಪ್ರಜ್ಞಾ ಹಾರಿ ಕೆಳಗಿಳಿದಳು.

"ದೊಡ್ಡಮ್ಮ, ಇಲ್ಲಿ ಲೈನ್ ಗೀನ್ ಇಲ್ಲ. ಘುಸ್ನಾ ಪಡ್ತದೆ."

"ನುಗ್ಗುವುದು ಅಂತ ಹೇಳು. ಕನ್ನಡದಲ್ಲಿ ಶಬ್ದ ಉಂಟು."

"ಹಾಂ, ಅದೇ. ನುಗ್ಗುದು."

ಪ್ರಜ್ಞಾಗೆ ಕನ್ನಡ ಅರ್ಥವಾಗುತ್ತದೆ. ಆಡುವಾಗ ಮಾತ್ರ ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವವಳ ಹಾಗೆ, ಒಂದು ಹಿಂದಿ ಕಲ್ಲು, ಒಂದು ಇಂಗ್ಲಿಷ್ ಕಲ್ಲು. ರೇಡಿಯೋ ಕಾರ್ಯಕ್ರಮಗಳಿಗೆ ಸದ್ದು ಹಿಡಿದು ಕೊಡುವುದು ಅವಳ ಕೆಲಸ. ಅಂದೂ ಕೈಯಲ್ಲಿ ರೆಕಾರ್ಡರ್ ಇತ್ತು, ಅದರ ತುದಿಗೆ ಬೆಕ್ಕಿನ ಬಾಲದಂಥ ತುಪ್ಪಳದ ಟೊಪ್ಪಿ. ಅದನ್ನು ಎತ್ತಿ ಹಿಡಿದು ಸ್ಟೇಷನ್ನಿನ ಗದ್ದಲ ತುಂಬಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮೈಕಿನಲ್ಲಿ ಒಬ್ಬ ಹೆಂಗಸಿನ ದನಿ ಮರಾಠಿಯಲ್ಲಿ ಏನೋ ಹೇಳಿತು. ಬಹಳ ನಯವಾದ ದನಿ. ನನಗೆ ತಿಳಿದದ್ದು ಒಂದೇ ಶಬ್ದ: ಬೇವಾರಸ್.

ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ 'ಬೇವರ್ಸಿ' ಎಂದರೆ ಕಿವಿ ಮುಚ್ಚಿಕೊಳ್ಳಬೇಕಾದ ಬೈಗುಳ. ಆ ಶಬ್ದ ಬಾಯಲ್ಲಿ ಬಂದ ಹುಡುಗಿಯರಿಂದ ನಾನು ಊಟದ ಮನೆಯ ಹಂಡೆ ತಿಕ್ಕಿಸಿದ್ದೇನೆ.

"ಅಯ್ಯಯ್ಯೋ! ಎಂತ ಮಾರಾಯ್ತಿ ಇದು, ಸರ್ಕಾರವೇ ಮೈಕು ಹಿಡಿದು ಬೇವರ್ಸಿ ಅಂತ ಬೈತದಲ್ಲ!" ಎಂದು ಗಟ್ಟಿಯಾಗಿ ಹೇಳಿ ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪ್ರಜ್ಞಾಳೂ ನಕ್ಕಳು. "ಅದು ಬೈಯುದಲ್ಲ ದೊಡ್ಡಮ್ಮ. ಬೇವಾರಸ್ ಅಂದ್ರೆ, ಯಾರದ್ದೂ ಅಲ್ಲದ್ದು. ಅಂಥ ಸಾಮಾನಿಗೆ ಟಚ್ ಮಾಡ್ಬೇಡಿ, ಪೊಲೀಸರಿಗೆ ಹೇಳಿ ಅಂತ. ಬಾಂಬ್ ಇರ್ಬಹುದಲ್ಲ."

ವಾರಸುದಾರರಿಲ್ಲದ್ದು. ನಮ್ಮ ಬೈಗುಳದ ಮೂಲವೂ ಅದೇ ಎಂದು ಆಗ ಹೊಳೆಯಿತು. ಹೊಳೆದದ್ದಕ್ಕೆ ಇನ್ನೊಂದಿಷ್ಟು ನಗು ಬಂತು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿದ್ದುದನ್ನು ನಾನು ಗಮನಿಸಲಿಲ್ಲ.

ಲೇಡೀಸ್ ಡಬ್ಬ

ಮುಂದಿನ ರೈಲಿಗೆ ನುಗ್ಗಿದೆವು. ಬೆಳಗಿನ ಜನವೆಲ್ಲ ಪೇಟೆಯ ಕಡೆಗೆ ಹೋಗುವುದರಿಂದ ಸುಮತಿಯ ಮನೆಯಿರುವ ದಹಿಸರಿನ ಕಡೆಗೆ ಹೋಗುವ ಡಬ್ಬದಲ್ಲಿ ಉಸಿರಾಡಲು ಜಾಗವಿತ್ತು. ಮೂವರ ಸೀಟಿನಲ್ಲಿ ಕೂತಿದ್ದ ಹೆಂಗಸರು ನನ್ನ ಬಿಳಿ ಕೂದಲು ನೋಡಿ, ಒಂದು ಮಾತೂ ಆಡದೆ, ಒಟ್ಟಿಗೆ ಒಂದಿಷ್ಟು ಸರಿದರು. ನಾಲ್ಕನೆಯವಳಾಗಿ ಅರ್ಧ ಕೂತೆ. ಎದುರಿನವಳು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಗೋರಿಕಾಯಿ ಮುರಿಯುತ್ತಿದ್ದಳು. ನಮ್ಮೂರ ಬಸ್ಸಿನಲ್ಲಿ ಯಾರಾದರೂ ತರಕಾರಿ ಹೆಚ್ಚಿದರೆ ಕಂಡಕ್ಟರ್ ಇಳಿಸಿಯಾನು. ಇಲ್ಲಿ ಅದು ಶಿಸ್ತು. ಸಮಯ ಹಾಳುಮಾಡದಿರುವ ಶಿಸ್ತು. ಈ ವಿಷಯದಲ್ಲಿ ಮುಂಬೈಯವರಿಗೆ ಪೂರ್ಣ ಅಂಕ.

ಪ್ರಜ್ಞಾ ನನ್ನ ಕಿವಿಯ ಹತ್ತಿರ ಬಾಗಿ ನಾನು ಬಂದ ಕೆಲಸವನ್ನು ಮತ್ತೊಮ್ಮೆ ನೆನಪಿಸಿದಳು.

ಅವಳ ಅಪ್ಪ ವಾಸುದೇವ ಮುಂಬೈ ಫೋರ್ಟಿನ ಕಡೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಎರಡು ಸಾವಿರದ ಆರನೇ ಇಸವಿಯ ಜುಲೈ ಹನ್ನೊಂದರ ಸಂಜೆ ಇದೇ ಲೈನಿನ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದಾಗ ಅವನು ಅವುಗಳಲ್ಲೊಂದರಲ್ಲಿದ್ದ. ಮೊಣಕಾಲು ನೋವೆಂದು ಆ ತಿಂಗಳಷ್ಟೇ ಫಸ್ಟ್ ಕ್ಲಾಸ್ ಪಾಸ್ ಮಾಡಿಸಿಕೊಂಡಿದ್ದ. ಬಾಂಬುಗಳಿದ್ದದ್ದು ಫಸ್ಟ್ ಕ್ಲಾಸ್ ಡಬ್ಬಗಳಲ್ಲಿ. ಪ್ರಜ್ಞಾಗೆ ಆಗ ಮೂರು ವರ್ಷ.

"ನಂಗೆ ಪಪ್ಪಾದು ವಾಯ್ಸ್ ಯಾದ್ ಇಲ್ಲ ದೊಡ್ಡಮ್ಮ. ಮುಖ ಫೋಟೋದಲ್ಲಿ ಉಂಟು. ವಾಯ್ಸ್ ಎಲ್ಲೂ ಇಲ್ಲ."

ಅದಕ್ಕೇ ಇರಬೇಕು, ಈ ಹುಡುಗಿ ಒಂದು ವರ್ಷದಿಂದ ಆ ಸಂಜೆಯ ಸದ್ದುಗಳನ್ನು ಒಟ್ಟುಮಾಡುತ್ತಿದ್ದಳು. ಕಂಡದ್ದನ್ನಲ್ಲ, ಕೇಳಿದ್ದನ್ನು. ಒಬ್ಬೊಬ್ಬರಿಂದ ಒಂದೊಂದು ಸದ್ದಿನ ನೆನಪು. ಮರುದಿನ, ಹನ್ನೊಂದರ ಸಂಜೆ, ಬಿಲ್ಡಿಂಗಿನವರೆಲ್ಲ ಸೇರುವ ಸೊಸೈಟಿ ಹಾಲಿನಲ್ಲಿ ಅದನ್ನು ಎಲ್ಲರಿಗೂ ಕೇಳಿಸುವುದೆಂದು ಗೊತ್ತಾಗಿತ್ತು. ಎಲ್ಲರೂ ಕೊಟ್ಟಿದ್ದರು, ಅವಳ ಅಮ್ಮ ಮಾತ್ರ ಕೊಟ್ಟಿರಲಿಲ್ಲ. ಕೇಳಿದರೆ ಎದ್ದು ಹೋಗುತ್ತಾಳಂತೆ.

"ಅಮ್ಮ ನಿಮ್ಮ ಮಾತು ಒಂದೇ ಕೇಳುದು. ನೀವು ಹೇಳಿ. ಅಮ್ಮಂದು ಇಲ್ಲದಿದ್ರೆ ಇದೆಲ್ಲ ಬೇರೆಯವರ ಪಪ್ಪಾಂದು ಆಗ್ತದೆ."

"ಇಂದು ಸಂಜೆಯ ಒಳಗೆ ಒಪ್ಪಿಸ್ತೇನೆ," ಎಂದೆ. ನೂರಾರು ಹುಡುಗಿಯರಿಂದ ನಿಜ ಹೊರಡಿಸಿದವಳಿಗೆ ಚಿಕ್ಕಮ್ಮನ ಮಗಳು ಯಾವ ಲೆಕ್ಕ ಎಂದುಕೊಂಡಿದ್ದೆ.

ನನ್ನ ಮಟ್ಟಿಗೆ ಇಂಥ ದುಃಖವೆಂದರೆ ಮೌನಾಚರಣೆ. ಶಾಲೆಯಲ್ಲಿ ದೇಶಕ್ಕೆ ಏನಾದರೂ ಆದಾಗಲೆಲ್ಲ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಗಂಟೆ ಬಾರಿಸುತ್ತಿದ್ದೆ, ಎಲ್ಲ ಸುಮ್ಮನಾಗುತ್ತಿದ್ದರು. ಮತ್ತೆ ಗಂಟೆ ಬಾರಿಸಿದರೆ ದುಃಖ ಮುಗಿದು ತರಗತಿ ಶುರು. ಸದ್ದನ್ನು ಕೂಡಿಡುವುದು ಸ್ಮರಣೆಯಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ದಹಿಸರ್, ಮಧ್ಯಾಹ್ನದ ಊಟ

ಸುಮತಿ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಸಪೂರವಾಗಿದ್ದಳು. ಮನೆ ಎರಡು ಕೋಣೆಯದು, ಚೊಕ್ಕ, ಎಲ್ಲ ವಸ್ತುವೂ ಅದರದರ ಜಾಗದಲ್ಲಿ. ನನಗೆ ಸಂತೋಷವಾಯಿತು. ಗೋಡೆಯಾಚೆಯಿಂದ ಆಗಾಗ ರೈಲಿನ ಸದ್ದು ಬರುತ್ತಿತ್ತು. ಅದು ಬಂದಾಗ ಮಾತಾಡುತ್ತಿದ್ದವರು ಗಂಟಲು ಏರಿಸುತ್ತಾರೆ, ಹೋದಾಗ ಇಳಿಸುತ್ತಾರೆ. ತಾವು ಹಾಗೆ ಮಾಡುತ್ತೇವೆಂದು ಅವರಿಗೇ ಗೊತ್ತಿಲ್ಲ.

ಊಟಕ್ಕೆ ಶಾಂತವ್ವನೂ ಇದ್ದಳು. ವಿಜಯಪುರದ ಕಡೆಯವಳು. ಹಿಂದೆ ರೈಲು ಹಳಿಯ ಪಕ್ಕದ ಗುಡಿಸಲಲ್ಲಿದ್ದು, ಈಗ ಹಿಂದಿನ ಬಿಲ್ಡಿಂಗಿನಲ್ಲಿ ಮಗನ ಜೊತೆ ಇದ್ದಾಳೆ. ಸುಮತಿಗೆ ಅವಳು ಮುಂಬೈ ಕೊಟ್ಟ ಅಕ್ಕ. ಜೋಳದ ರೊಟ್ಟಿ ತಂದಿದ್ದಳು. ನಾನು ತಂದ ಹಲಸಿನ ಹಪ್ಪಳ ಹುರಿದದ್ದಾಯಿತು. ರೊಟ್ಟಿಗೆ ಹಪ್ಪಳ ನಂಚಿಕೊಂಡು ಶಾಂತವ್ವ, "ಪ್ರವಾಸ ಹೆಂಗಾತ್ರೀ ಬಾಯಾರ?" ಎಂದು ಕೇಳಿದಳು.

ಕೇಳಬಾರದಿತ್ತು. ಕೇಳಿದರೆ ನಾನು ಹೇಳುವವಳೇ. ಸಾಲು ನಿಂತು ರೈಲು ತಪ್ಪಿದ್ದು ಹೇಳಿದೆ, ಎಲ್ಲರೂ ನಕ್ಕರು. ನಗಿಸುವುದು ಬಂದಮೇಲೆ ನಿಲ್ಲಿಸುವುದು ಕಷ್ಟ. ಎದ್ದು ನಿಂತು, ಸೌಟನ್ನು ಮೈಕಿನಂತೆ ಹಿಡಿದು, ಆ ಹೆಂಗಸಿನ ನಯವಾದ ದನಿಯಲ್ಲಿ ಘೋಷಣೆ ಶುರುಮಾಡಿದೆ. "ಪ್ರಯಾಣಿಕರೇ ಗಮನಿಸಿ. ಬೇವರ್ಸಿಗಳೇ ಗಮನಿಸಿ. ನಮ್ಮ ಶಾಲೆಯಲ್ಲಾದರೆ ಈ ಮೈಕಿನವಳಿಗೆ ಒಂದು ವಾರ ಹಂಡೆ ತಿಕ್ಕುವ ಶಿಕ್ಷೆ."

ಶಾಂತವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಏನ್ ಮಾಡಿ ತೋರಸ್ತೀರ್ರೀ! ಮಾಸ್ತರಕಿ ಬಿಟ್ಟು ನಾಟಕ ಕಂಪನಿ ಸೇರಬೇಕಿತ್ತ ನೀವು."

ಹುರುಪು ಹೆಚ್ಚಿತು. ಸುತ್ತ ನೋಡಿದೆ. ಕಪಾಟಿನ ಮೇಲೆ, ಇಡೀ ಮನೆಯಲ್ಲಿ ಜಾಗ ತಪ್ಪಿದಂತೆ ಕಾಣುವ ಒಂದೇ ವಸ್ತು ಇತ್ತು: ಹಳೆಯ ಕಪ್ಪು ರೆಗ್ಜಿನ್ ಚೀಲ, ಒಂದು ಬದಿ ಸುಕ್ಕಾಗಿ ಗಟ್ಟಿಯಾದದ್ದು. ಸೌಟನ್ನು ಅದರ ಕಡೆ ಚಾಚಿ, "ಅಲ್ಲಿ ನೋಡಿ, ಒಂದು ಬೇವರ್ಸಿ ಚೀಲ! ಯಾರೂ ಮುಟ್ಟಬೇಡಿ, ಪೊಲೀಸರನ್ನು ಕರೆಯಿರಿ!" ಎಂದೆ.

ಶಾಂತವ್ವನ ನಗು ಅರ್ಧಕ್ಕೆ ನಿಂತಿತು. ಪ್ರಜ್ಞಾ ತಟ್ಟೆ ನೋಡಿದಳು. ಸುಮತಿ ಎದ್ದು ಅಡಿಗೆಮನೆಗೆ ಹೋದಳು. ಮಿಕ್ಸಿಯ ಸದ್ದು ಕೇಳಿತು. ಬಹಳ ಹೊತ್ತು ಕೇಳಿತು. ಚಟ್ನಿ ಆಗಲೇ ಬಡಿಸಿತ್ತು, ಇನ್ನು ಅರೆಯುವಂಥದ್ದು ಏನೂ ಇರಲಿಲ್ಲ. ನಾನು ಹೋಗಿ ನೋಡಿದೆ. ಮಿಕ್ಸಿಯ ಜಾರಿನಲ್ಲಿ ಏನೂ ಇರಲಿಲ್ಲ. ಖಾಲಿ ಜಾರು ತಿರುಗುತ್ತಿತ್ತು, ಅದರ ಮುಚ್ಚಳದ ಮೇಲೆ ಸುಮತಿಯ ಎರಡೂ ಕೈ.

ಕೈತೊಳೆಯುವಲ್ಲಿ ಶಾಂತವ್ವ ಮೆಲ್ಲಗೆ ಹೇಳಿದಳು. "ಬಾಯಾರ, ಅದು ಅವರ ಯಜಮಾನ್ರ ಚೀಲ. ರೈಲಿನ್ಯಾಗ ಸಿಕ್ಕಿದ್ದು. ಪೊಲೀಸರು ತಂದು ಕೊಟ್ಟಿದ್ದು."

ಹಂಡೆ ತಿಕ್ಕುವ ಶಿಕ್ಷೆಯನ್ನು ಯಾರಾದರೂ ನನಗೆ ಕೊಟ್ಟಿದ್ದರೆ ಆಗ ಹಗುರವಾಗುತ್ತಿತ್ತು. ಯಾರೂ ಕೊಡಲಿಲ್ಲ. ಪಾತ್ರೆಗಳನ್ನೆಲ್ಲ ನಾನೇ ತೊಳೆದೆ. ಅದರಿಂದ ಏನೂ ಕಡಿಮೆಯಾಗಲಿಲ್ಲ.

ಮೆಂತ್ಯ ಸೊಪ್ಪು

ಸಂಜೆ ಮಳೆ ಹಿಡಿಯಿತು. ಪ್ರಜ್ಞಾ ಸೊಸೈಟಿ ಹಾಲಿನ ಸ್ಪೀಕರ್ ನೋಡಲು ಹೋಗಿದ್ದಳು. ಸುಮತಿ ನೆಲದ ಮೇಲೆ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸಲು ಕೂತಳು. ನಾನೂ ಎದುರಿಗೆ ಕೂತೆ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ. ಕೇಳಿಸಿಕೊಂಡೇ ಅಭ್ಯಾಸ.

"ಸುಮತಿ, ಚೀಲ ಯಾರದ್ದೆಂದು ಗೊತ್ತಿರಲಿಲ್ಲ ಮಾರಾಯ್ತಿ. ತಪ್ಪಾಯ್ತು."

"ಚೀಲ ಅಲ್ಲ ಅಕ್ಕ," ಎಂದಳು. ಕೈ ನಿಲ್ಲಿಸಲಿಲ್ಲ. "ಆ ಶಬ್ದ. ಈ ಮನೆಯಲ್ಲಿ ಆ ಶಬ್ದ ಬೇಡ."

ಹೊರಗೆ ರೈಲೊಂದು ಹೋಯಿತು. ಅದು ಹೋಗುವ ತನಕ ಕಾದು ಅವಳು ಹೇಳಿದಳು. ಹೇಳುವಾಗಲೂ ಎಲೆ ಬೇರೆ, ದಂಟು ಬೇರೆ ಆಗುತ್ತಲೇ ಇದ್ದವು.

"ಆ ದಿವಸ ಇವರು ಬರ್ಲಿಲ್ಲ. ಫೋನ್ ಹೋಗುದಿಲ್ಲ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೈದುನನ ಜೊತೆ ಆಸ್ಪತ್ರೆ ಆಸ್ಪತ್ರೆ ತಿರುಗಿದೆ. ಬೆಳಕು ಹರಿಯುವಾಗ ಒಂದು ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದೆ. ಮೈದುನ ಒಳಗೆ ಹೆಸರು ಕೇಳ್ಲಿಕ್ಕೆ ಹೋಗಿದ್ದ. ಒಬ್ಬ ಸ್ಟ್ರೆಚರ್ ನೂಕಿಕೊಂಡು ಬಂದ. ಬಟ್ಟೆ ಹೊದಿಸಿತ್ತು. ಕಾಲು ಹೊರಗೆ. ಕಾಲುಚೀಲ ನಾನೇ ಹೊಲಿದದ್ದು, ಹೆಬ್ಬೆರಳಿನ ಹತ್ರ. ನೀಲಿ ನೂಲು ಮುಗಿದಿತ್ತು ಅಂತ ಕಪ್ಪಿನಲ್ಲಿ ಹೊಲಿದಿದ್ದೆ."

ಒಂದು ಹಳದಿ ಎಲೆ ಆರಿಸಿ ಬದಿಗಿಟ್ಟಳು.

"ಅವ ನನ್ನ ಮುಖ ನೋಡಿ ಕೇಳಿದ, 'ಬೇವಾರಸ್?' ಅಷ್ಟೇ. ಇವರಿಗೆ ಯಾರೂ ಇಲ್ವಾ ಅಂತ ಕೇಳಿದ್ದು."

"ನಿನಗೆ ಅದರ ಅರ್ಥ ಗೊತ್ತಿತ್ತಲ್ಲ, ಇಲ್ಲಿಯೇ ಇದ್ದವಳಿಗೆ."

"ಗೊತ್ತಿತ್ತು ಅಕ್ಕ. ದಿನಾ ಸ್ಟೇಷನ್ನಲ್ಲಿ ಕೇಳ್ತಿದ್ದ ಶಬ್ದ. ಆದ್ರೆ ಆ ಹೊತ್ತಿಗೆ ನನ್ನ ಕಿವಿ ಊರಿಗೆ ಹೋಗಿತ್ತು. ಇವರನ್ನು ಹೀಗೆ ನೂಕಿಕೊಂಡು ಬಂದು ಮೇಲಿಂದ ಬೈತಾನಲ್ಲ ಅಂತ ಕಂಡಿತು. ನಾನೂ ಬೊಬ್ಬೆ ಹಾಕಿದೆ. 'ಬೇವರ್ಸಿ! ಬೇವರ್ಸಿ!' ಅಂತ. ಅವನಿಗೆ ಬೈದದ್ದು ನಾನು."

"ಬೈದದ್ದರಲ್ಲಿ ತಪ್ಪೇನು, ಆ ಹೊತ್ತಿನಲ್ಲಿ?"

"ಅವ ಬೈಗುಳ ಅಂತ ತಿಳ್ಕೊಳ್ಳಿಲ್ಲ ಅಕ್ಕ. ಉತ್ತರ ಅಂತ ತಿಳ್ಕೊಂಡ. ಹೌದು, ಬೇವಾರಸ್, ಯಾರೂ ಇಲ್ಲ, ಅಂತ. ಪಾಪ, ತಲೆಯಾಡಿಸಿ ಸ್ಟ್ರೆಚರ್ ತಿರುಗಿಸಿದ. ಆ ಕಡೆಯ ಕೋಣೆಗೆ ತಗೊಂಡು ಹೋದ. ನಾನು ಅಲ್ಲಿಯೇ ಬಿದ್ದೆ. ಎಚ್ಚರ ಆದ ಮೇಲೂ ಬಾಯಿಗೆ ಬಂದದ್ದು ಕನ್ನಡವೇ, ಎಷ್ಟು ಹೇಳಿದ್ರೂ ಆಸ್ಪತ್ರೆಯವರಿಗೆ ಅರ್ಥ ಆಗ್ಲಿಲ್ಲ. ಮಧ್ಯಾಹ್ನ ಸಿಕ್ಕಿದ್ರು. ವಾರಸುದಾರರಿಲ್ಲದವರ ಕೋಣೆಯಲ್ಲಿ."

ಸೊಪ್ಪು ಮುಗಿದಿತ್ತು. ಅವಳ ಬೆರಳುಗಳು ಖಾಲಿ ದಂಟನ್ನೇ ಸವರುತ್ತಿದ್ದವು.

"ಹೇಳ್ಬೇಕಾಗಿದ್ದದ್ದು ಒಂದೇ ಶಬ್ದ. 'ನಮ್ಮವರು' ಅಂತ. ಅದು ಬಾಯಿಗೆ ಬರ್ಲಿಲ್ಲ. ಪ್ರಜ್ಞಾನ ಅಪ್ಪನನ್ನು ಬೇವಾರಸ್ ಅಂತ ಹೇಳಿದ್ದು ನಾನೇ ಅಲ್ವಾ? ಅವಳ ಮೈಕಿಗೆ ಇದನ್ನು ಹೇಗೆ ಹೇಳುದು?"

ಅವಳಿಗೆ ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಗೆ ಬಂದ ಸಮಾಧಾನವೆಲ್ಲ ಶಾಲೆಯ ಪ್ರಾರ್ಥನಾ ಸಭೆಯ ಮಾತಿನಂತೆ ಕೇಳಿತು, ನುಂಗಿಕೊಂಡೆ. ಇಷ್ಟು ವರ್ಷ ಅವಳು ಸ್ಟೇಷನ್ನಿಗೆ ಹೋದಾಗಲೆಲ್ಲ ಆ ನಯವಾದ ದನಿ ಆ ಶಬ್ದ ಹೇಳಿರುತ್ತದೆ. ಸುತ್ತಲಿನ ಸಾವಿರಾರು ಜನ ಅದನ್ನು ಕೇಳಿಯೂ ಕೇಳದೆ ಗೋರಿಕಾಯಿ ಮುರಿಯುತ್ತಿರುತ್ತಾರೆ. ಇವಳೊಬ್ಬಳಿಗೆ ಅದು ಕೇಳುತ್ತದೆ. ಅದನ್ನು ನಾನು ಸೌಟು ಹಿಡಿದು ಅವಳ ಊಟದ ತಟ್ಟೆಯ ಮುಂದೆ ಕುಣಿಸಿದ್ದೆ.

"ನಾಳೆ ನೀನು ಏನೂ ಕೊಡುವುದು ಬೇಡ," ಎಂದೆ. "ಪ್ರಜ್ಞಾಗೆ ನಾನು ಹೇಳ್ತೇನೆ."

ಹನ್ನೊಂದನೇ ತಾರೀಕು

ಬೆಳಿಗ್ಗೆ ಕಾಫಿಯಾದ ಮೇಲೆ ಪ್ರಜ್ಞಾ ಲ್ಯಾಪ್‌ಟಾಪ್ ತೆರೆದು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. "ಫಸ್ಟ್ ನೀವೇ ಕೇಳಿ."

ಮೊದಲು ರೈಲು ಬರುವ ಸದ್ದು. ಜನ. ಆಮೇಲೆ ಮೈಕಿನ ಹೆಂಗಸು. ಅದರ ಬೆನ್ನಿಗೇ ಕಾರ್ಕಳದ ಗಂಟಲೊಂದು, "ಸರ್ಕಾರವೇ ಮೈಕು ಹಿಡಿದು ಬೇವರ್ಸಿ ಅಂತ ಬೈತದಲ್ಲ!" ಎಂದಿತು. ಆಮೇಲೆ ನಗು. ಇಷ್ಟು ಉದ್ದ, ಇಷ್ಟು ಒರಟು ನಗು ನನ್ನದೆಂದು ನನಗೆ ಗೊತ್ತಿರಲಿಲ್ಲ.

ಹೆಡ್‌ಫೋನ್ ಕಿತ್ತೆ. "ಇದನ್ನು ತೆಗೆ."

"ಯಾಕೆ? ಇದು ಬೆಸ್ಟ್ ಓಪನಿಂಗ್ ದೊಡ್ಡಮ್ಮ! ಎಲ್ಲ ನಗ್ತಾರೆ, ಆಮೇಲೆ ಮೆಲ್ಲ ಮೆಲ್ಲ ಸೀರಿಯಸ್ ಆಗ್ತದೆ."

"ತೆಗೆ ಅಂದರೆ ತೆಗೆಯಬೇಕು. ಕಾರಣ ಕೇಳಬಾರದು. ಮತ್ತೆ ಅಮ್ಮನನ್ನೂ ಇನ್ನು ಕೇಳಬೇಡ."

ವಾರ್ಡನ್ನಿನ ದನಿ ತಾನಾಗಿಯೇ ಬಂತು. ಆ ದನಿಗೆ ಹೆದರಿದ ಹುಡುಗಿಯರನ್ನು ಎಷ್ಟೋ ಕಂಡಿದ್ದೇನೆ. ಪ್ರಜ್ಞಾ ಹೆದರಲಿಲ್ಲ. ಕಣ್ಣು ತುಂಬಿಕೊಂಡಳು.

"ನೀವು ಅಮ್ಮನ್ನ ಒಪ್ಪಿಸ್ಲಿಕ್ಕೆ ಬಂದದ್ದು. ಇದ್ದದ್ದೂ ಡಿಲೀಟ್ ಮಾಡ್ಲಿಕ್ಕೆ ಅಲ್ಲ. ಎಲ್ಲರೂ ನಂಗೆ ಬೇಡ, ಕೇಳ್ಬೇಡ, ಅದೇ ಹೇಳುದು. ಪಪ್ಪಾ ಬಗ್ಗೆ ನಾನು ಯಾರ ಹತ್ರ ಪೂಛ್ನಾ, ಹೇಳಿ?"

ಅವಳಿಗೆ ಉತ್ತರ ಕೊಡುವಂತಿರಲಿಲ್ಲ. ಉತ್ತರ ನನ್ನದಲ್ಲ, ಸುಮತಿಯದು. ಕೊಡದೆ ನಿಂತರೆ ಹುಡುಗಿಯ ಕಣ್ಣಿಗೆ ನಾನು ತನ್ನ ಮರ್ಯಾದೆ ಉಳಿಸಿಕೊಳ್ಳುವ ಮುದುಕಿ. ಅದೂ ಪೂರ್ತಿ ಸುಳ್ಳೇನಲ್ಲ. ಆ ನಗು ಹಾಲಿನಲ್ಲಿ ಜನರ ಮುಂದೆ ಕೇಳಬಾರದೆಂಬ ಆಸೆಯಲ್ಲಿ ಸುಮತಿಯ ಪಾಲೆಷ್ಟು, ನನ್ನ ಪಾಲೆಷ್ಟು, ನನಗೇ ತಿಳಿಯದು.

ಸುಮತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಎಂತ ಅದು? ನನಗೂ ಕೇಳ್ಸು."

"ಬೇಡ ಸುಮತಿ," ಎಂದೆ.

"ನೀನು ಸುಮ್ಮನಿರು ಅಕ್ಕ." ನನಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ನಾನು ಅವಳ ಮುಖ ನೋಡಲಾಗದೆ ಕಪಾಟಿನ ಕಡೆ ನೋಡಿದೆ. ಅಲ್ಲಿ ಚೀಲ ಇತ್ತು. ಕಿಟಕಿಯ ಕಡೆ ತಿರುಗಿದೆ.

"ಇರ್ಲಿ," ಎಂದಳು ಸುಮತಿ. "ಅಕ್ಕ ನಗಾಡಿದ್ದು ಇರ್ಲಿ. ಕೇಳಿದವರಿಗೆ ನಗು ಬರುವ ಶಬ್ದವೇ ಅದು. ಅದರ ಬೆನ್ನಿಗೆ ನನ್ನದು ಹಾಕು."

ಪ್ರಜ್ಞಾ ಲ್ಯಾಪ್‌ಟಾಪ್ ಬದಿಗೆ ಸರಿಸಿದಳು. ಜಾಣ ಹುಡುಗಿ. ರೆಕಾರ್ಡರ್ ತಂದು ಮೇಜಿನ ಮೇಲಿಟ್ಟಳು. "ಫ್ಯಾನ್," ಎಂದಳು. ನಾನು ಎದ್ದು ಫ್ಯಾನ್ ಆರಿಸಿದೆ. ಕಿಟಕಿ ಮುಚ್ಚಿದೆ. ಫ್ರಿಜ್ಜಿನ ಪ್ಲಗ್ ತೆಗೆದೆ. ಮೂರು ದಶಕ ಮಕ್ಕಳನ್ನು ಸುಮ್ಮನಿರಿಸಿದ ನನಗೆ ಆ ಬೆಳಿಗ್ಗೆ ಉಳಿದಿದ್ದ ಉಪಯೋಗ ಅದೊಂದೇ. ಆಮೇಲೆ ಹೊರಗೆ ಹೋಗಲೆಂದು ಬಾಗಿಲ ಕಡೆ ನಡೆದೆ.

"ಇಲ್ಲೇ ಕೂತ್ಕೋ ಅಕ್ಕ," ಎಂದಳು ಸುಮತಿ. ಕೂತೆ. ಸೆಕೆಯಲ್ಲಿ ಮೂವರೂ ಬೆವರುತ್ತಿದ್ದೆವು. ಅವಳು ಮಗಳ ಕಡೆ ನೋಡಲಿಲ್ಲ, ತುಪ್ಪಳದ ಟೊಪ್ಪಿಯನ್ನೇ ನೋಡುತ್ತ, ಹಿಂದಿನ ಸಂಜೆ ಮೆಂತ್ಯ ಬಿಡಿಸುವಾಗ ಹೇಳಿದ್ದನ್ನೇ ಹೇಳಿದಳು. ಮುಗಿದಾಗ ಪ್ರಜ್ಞಾ ರೆಕಾರ್ಡರ್ ಆರಿಸಲು ಮರೆತು ಅಮ್ಮನ ಮಡಿಲಲ್ಲಿ ಮುಖವಿಟ್ಟಿದ್ದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಮುಟ್ಟಲಿಲ್ಲ.

ಸೊಸೈಟಿ ಹಾಲ್

ಸಂಜೆ ಮಳೆ ಬಿಡಲಿಲ್ಲ, ಆದರೂ ಜನ ಬಂದರು. ಪ್ಲಾಸ್ಟಿಕ್ ಕುರ್ಚಿಗಳನ್ನು ನಾನೇ ಸಾಲಾಗಿ ಇಡಿಸಿದ್ದೆ. ಬಂದವರು ಅವನ್ನು ಎಳೆದಾಡಿ ತಮಗೆ ಬೇಕಾದ ಹಾಗೆ ಗುಂಪು ಮಾಡಿಕೊಂಡರು. ನಾನೂ ಒಂದನ್ನು ಎಳೆದುಕೊಂಡೆ. ಒದ್ದೆ ಕೊಡೆಗಳು ಬಾಗಿಲ ಬಳಿ ರಾಶಿಬಿದ್ದವು.

ಪ್ರಜ್ಞಾ ದೀಪ ಆರಿಸಲಿಲ್ಲ, ಭಾಷಣ ಮಾಡಲಿಲ್ಲ. ಗುಂಡಿ ಒತ್ತಿದಳು.

ರೈಲು. ಜನ. ಮೈಕಿನ ಹೆಂಗಸು. ಆಮೇಲೆ ನಾನು.

ಹಾಲೆಲ್ಲ ನಕ್ಕಿತು. ಕನ್ನಡ ಬಾರದವರಿಗೆ ಪಕ್ಕದವರು ಅರ್ಥ ಹೇಳಿದರು, ಅವರೂ ನಕ್ಕರು. ಎದುರಿನ ಗುಂಪಿನ ಒಬ್ಬ ಯಜಮಾನರು ತಿರುಗಿ ನೋಡಿ, "ತುಮೀಚ್ ನಾ, ಆಜಿ?" ಎಂದು ನನ್ನ ಕಡೆ ಬೆರಳು ತೋರಿಸಿ ಕಣ್ಣೊರೆಸಿಕೊಂಡು ನಕ್ಕರು. ಹೌದೆಂದು ತಲೆಯಾಡಿಸಿದೆ. ನಾನೇ ಅಜ್ಜಿ, ನನ್ನದೇ ನಗು.

ಅದರ ಬೆನ್ನಿಗೆ ಸುಮತಿಯ ದನಿ ಬಂತು. ಕನ್ನಡದಲ್ಲಿ ಒಂದು ವಾಕ್ಯ, ಅದನ್ನೇ ಮರಾಠಿಯಲ್ಲಿ ಪ್ರಜ್ಞಾಳ ದನಿ. ತಾಯಿ ಹೇಳಿದ್ದನ್ನು ಮಗಳು ಹೇಳುತ್ತ ಹೋದಳು. ಕಪ್ಪು ನೂಲಿನ ಕಾಲುಚೀಲದ ಹೊತ್ತಿಗೆ ನಗುವಿನ ಕೊನೆಯ ಚೂರೂ ಉಳಿದಿರಲಿಲ್ಲ. ಎದುರು 'ಆಜಿ' ಎಂದವರು ಮುಖ ಕೆಳಗೆ ಹಾಕಿದ್ದರು. ಅವರಿಗೂ ನನಗೂ ಈಗ ಒಂದೇ ತರಗತಿ. ಕೊನೆಯಲ್ಲಿ ಸುಮತಿಯ ದನಿ ಒಂದು ಕ್ಷಣ ನಿಂತು, "ಇವರು ನಮ್ಮವರು," ಎಂದಿತು. ಪ್ರಜ್ಞಾ ಅದನ್ನು ಮರಾಠಿಗೆ ತಿರುಗಿಸಿರಲಿಲ್ಲ. ಯಾರೂ ಅರ್ಥ ಕೇಳಲಿಲ್ಲ.

ಆಮೇಲೆ ಉಳಿದವರ ಸದ್ದುಗಳು ಬಂದವು. ಚೀಲವೊಂದರ ಒಳಗೆ ಬಿಡದೆ ರಿಂಗಾಗುತ್ತಿದ್ದ ಫೋನು, ಯಾರೂ ಎತ್ತದ್ದು. ಆ ಧಾಟಿ ಎಲ್ಲಿ ಕೇಳಿದರೂ ಈಗಲೂ ಎದ್ದು ನಿಲ್ಲುತ್ತೇನೆಂದ ಒಬ್ಬರು. ಅಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿದ್ದವರೊಬ್ಬರು ನೆನೆದದ್ದು ಸ್ಟೀಲ್ ಲೋಟಗಳನ್ನು. ನಡೆದು ಮನೆಗೆ ಹೋಗುತ್ತಿದ್ದವರು ಸಾಲಾಗಿ ಬಂದು ನೀರು ಕುಡಿದರು, ಹೋಟೆಲು ತುಂಬ ಲೋಟಗಳ ಸದ್ದು ಮಾತ್ರ, ಮಾತಿಲ್ಲ. ಕೊನೆಗೆ ಶಾಂತವ್ವ: "ಹಾಸಿಗಿ ಚಾದರ ಹರದ್ವಿರೀ. ಗಾಯಾದ ಜನಾನ ಹೊತ್ಕೊಂಡ್ ಹೋಗಾಕ, ಕಟ್ಟಾಕ ಏನೂ ಇರ್ಲಿಲ್ಲ. ಇದ್ದದ್ದೆಲ್ಲಾ ಹರದ್ವಿ. ಪರ್ರ್ ಅಂತ ಸಪ್ಪಳಾ. ಈಗೂ ಮನ್ಯಾಗ ಅರಬಿ ಹರಿಯಾಕ ಕೊಡಂಗಿಲ್ಲ ನಾನು, ಕತ್ರಿ ಹಚ್ಚತೀನಿ." ಅದರ ಮೇಲೆ ನಿಜವಾಗಿಯೂ ಬಟ್ಟೆ ಹರಿಯುವ ಸದ್ದು, ಒಮ್ಮೆ ಮಾತ್ರ. ಪ್ರಜ್ಞಾ ಕೇಳಿಕೊಂಡಳೆಂದು ಶಾಂತವ್ವ ರೆಕಾರ್ಡಿಂಗಿಗಾಗಿ ಹರಿದಿದ್ದಳಂತೆ.

ನಾವು ದೂರದಲ್ಲಿದ್ದವರು ಇಂಥದ್ದನ್ನು ಟೀವಿಯ ಸದ್ದಿನಲ್ಲಿ ನೆನಪಿಡುತ್ತೇವೆ. ಸುದ್ದಿ ಓದುವವರ ಏರುದನಿ, ಅದರ ಹಿಂದಿನ ಡೋಲು. ನಮ್ಮ ಅಂಗಳದ ಮೌನಕ್ಕೂ ಆ ಗದ್ದಲವೇ ಬೆನ್ನೆಲುಬು. ಇಲ್ಲಿ ಒಂದು ಲೋಟ, ಒಂದು ಚಾದರ, ಒಂದು ಶಬ್ದ. ಅದನ್ನು ತಂದುಕೊಟ್ಟವರ ನಡುವೆ ನನ್ನ ಪಾಲಿನದ್ದು ಒಂದು ನಗು. ಇನ್ನು ಯಾವಾಗ ಯಾರು ಆ ರೆಕಾರ್ಡಿಂಗ್ ಕೇಳಿದರೂ ಮೊದಲು ಕೇಳುವುದು ಅದು. ತೆಗೆಸಬಹುದಿತ್ತೇನೋ. ಸುಮತಿ ಇರಲಿ ಎಂದಿದ್ದಾಳೆ.

ಜನ ಎದ್ದಾಗ ಅವಳ ಸುತ್ತ ನೆರೆಯ ಹೆಂಗಸರು ನಿಂತರು. ಪ್ರಜ್ಞಾ ಅಮ್ಮನ ಕೈ ಬಿಡಲಿಲ್ಲ. ನನಗೆ ಅಲ್ಲಿ ಕೆಲಸವಿರಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದೆ. ನೆಲ ಒರೆಸಿದೆ. ಬಾಗಿಲ ಬಳಿ ಒಂದು ಕೊಡೆ ಉಳಿದಿತ್ತು, ಬೂದು ಬಣ್ಣದ್ದು, ಹಿಡಿಗೆ ದಾರ ಸುತ್ತಿದ್ದು.

ವಾಚ್‌ಮನ್ ಬೀಗ ಹಿಡಿದು ನಿಂತಿದ್ದ. ಕೊಡೆ ನೋಡಿ ಕಾಲಲ್ಲಿ ಬದಿಗೆ ಸರಿಸಿ, "ರೆಹನೇ ದೋ ಆಜಿ. ಬೇವಾರಸ್ ಹೈ," ಎಂದ. ಇರಲಿ ಬಿಡಿ ಎಂದದ್ದು, ಕೆಟ್ಟ ಮನಸ್ಸಿನಿಂದ ಅಲ್ಲ.

ಕೊಡೆ ಎತ್ತಿಕೊಂಡು ಮಳೆಯಲ್ಲಿ ಗೇಟಿನ ತನಕ ಹೋದೆ. ನನ್ನ ಕೊಡೆ ಮೇಲೆ ಮನೆಯಲ್ಲಿತ್ತು. ಇದನ್ನು ಬಿಡಿಸಲಿಲ್ಲ, ನನ್ನದಲ್ಲವಲ್ಲ. ಹೊರಟು ನಿಂತ ಒಬ್ಬೊಬ್ಬರನ್ನೂ ತಡೆದು ನನಗೆ ಬಂದಷ್ಟು ಹಿಂದಿಯಲ್ಲಿ ಕೇಳಿದೆ. ಅಲ್ಲ, ಅಲ್ಲ, ಎಂದರು. ರಸ್ತೆ ದಾಟಿ, ಹಾಲು ಮಾರುವ ಅಂಗಡಿಯ ಸೂರಿನ ಕೆಳಗೆ ಒದ್ದೆಯಾಗಿ ನಿಂತಿದ್ದವರನ್ನೂ ಕೇಳಿದೆ. ಅವರಲ್ಲಿ ಎದುರು ಕೂತು 'ಆಜಿ' ಎಂದಿದ್ದ ಆ ಯಜಮಾನರೂ ಇದ್ದರು. ಕೊಡೆ ನೋಡಿದರು, ನನ್ನನ್ನು ನೋಡಿದರು.

"ಮಾಝೀ," ಎಂದರು. ನನ್ನದು.

ಅವರ ಕೈಗೆ ಕೊಟ್ಟು, ಒದ್ದೆ ಸೀರೆಯಲ್ಲಿ ಮೇಲೆ ಹೋದೆ.